ಸೋರಿದರೆ ಯಾರಿಗೆ ಫೋನ್ ಮಾಡಬೇಕು? ಕಟ್ಟಡದಲ್ಲೇ ಬೆರೆತ ಸೋಲಾರ್ ಒಂದು ದೇಶದಲ್ಲಿ ಬೇರು ಬಿಡಬೇಕಾದರೆ

ಪ್ರಶ್ನೆ: ನಾನು ಇಂಧನ ನೀತಿ ಸಮಿತಿಯೊಂದಕ್ಕೆ ಟಿಪ್ಪಣಿ ಬರೆದುಕೊಡುವ ಕೆಲಸದಲ್ಲಿದ್ದೇನೆ. ಛಾವಣಿ, ಗೋಡೆ, ಕಿಟಕಿಯೇ ಸೋಲಾರ್ ಫಲಕವಾಗುವ ಬಿಐಪಿವಿ ತಂತ್ರಜ್ಞಾನಕ್ಕೆ ರಾಷ್ಟ್ರೀಯ ಮಟ್ಟದ ನಾವೀನ್ಯತಾ ವ್ಯವಸ್ಥೆ ಕಟ್ಟಬೇಕು ಅನ್ನುವುದು ಚರ್ಚೆ. ಸಮಿತಿಯಲ್ಲಿ ಮೂರು ಗುಂಪುಗಳಿವೆ. ಒಂದು ಲ್ಯಾಬ್‌ಗಳಿಗೆ ದುಡ್ಡು ಕೊಡಿ ಅನ್ನುತ್ತದೆ. ಇನ್ನೊಂದು ದೊಡ್ಡ ಕಾರ್ಖಾನೆ ಹಾಕಿ ಅನ್ನುತ್ತದೆ. ಮತ್ತೊಂದು, ಕರೆಂಟಿಗೆ ಯೂನಿಟ್ ಲೆಕ್ಕದಲ್ಲಿ ಜಾಸ್ತಿ ದರ ಕೊಟ್ಟರೆ ಉಳಿದದ್ದು ತಾನಾಗೇ ಬರುತ್ತದೆ ಅನ್ನುತ್ತದೆ. ಯಾವುದರಿಂದ ಶುರು ಮಾಡಬೇಕು? ಪೆರೋವ್‌ಸ್ಕೈಟ್ ಅನ್ನುವ ಹೊಸ ಬಗೆಯ ಸೋಲಾರ್ ವಸ್ತು ಬರುವವರೆಗೆ ಕಾಯುವುದು ಒಳ್ಳೆಯದಾ?

ಉತ್ತರ: ಮೂರರಿಂದಲೂ ಬೇಡ. ಮುಂದೊಂದು ದಿನ ಮೂರೂ ಬೇಕಾಗುತ್ತವೆ, ಆದರೆ ಶುರು ಮಾಡುವ ಜಾಗ ಬೇರೆ. ಮುಂದಿನ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: ಸೋಲಾರ್ ಛಾವಣಿ ಹಾಕಿಸಿಕೊಂಡವನ ಮನೆ ಮಳೆಗೆ ಸೋರಿದರೆ ಅವನು ಯಾರಿಗೆ ಫೋನ್ ಮಾಡಬೇಕು?

ಸುಮ್ನೆ ಕೇಳುತ್ತಿಲ್ಲ. ವರ್ಷಗಳ ಹಿಂದೆ ನಾನೇ ಇಂಥದ್ದೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಫಲಕ ಮಾಡಿದವರು, ನಮ್ಮ ಫಲಕ ಕರೆಂಟ್ ಕೊಡುತ್ತಿದೆ, ನಮ್ಮದೇನೂ ತಪ್ಪಿಲ್ಲ ಅಂದರು. ಛಾವಣಿ ಕೂರಿಸಿದವರು, ನೀರು ಬರುತ್ತಿರುವುದು ವೈರಿಂಗ್‌ನವರು ಕೊರೆದ ತೂತಿನಿಂದ ಅಂದರು. ವೈರಿಂಗ್‌ನವರು, ತೂತು ಎಲ್ಲಿ ಕೊರೆಯಬೇಕು ಅಂತ ತೋರಿಸಿದ್ದೇ ಆರ್ಕಿಟೆಕ್ಟ್ ಅಂದರು. ಆರ್ಕಿಟೆಕ್ಟ್, ನನಗೆ ಮೊದಲಿನಿಂದಲೂ ಈ ಫಲಕ ಇಷ್ಟವೇ ಇರಲಿಲ್ಲ ಅಂದುಬಿಟ್ಟರು. ಮಾಲೀಕರು ತಿಂಗಳುಗಟ್ಟಲೆ ಬಕೆಟ್ ಇಟ್ಟುಕೊಂಡು ಕೂತಿದ್ದರು. ಆ ನಾಲ್ಕು ಜನರಲ್ಲಿ ಯಾರೂ ಕೆಲಸ ಗೊತ್ತಿಲ್ಲದವರಲ್ಲ. ಅವರ ಕೆಲಸಗಳು ಸೇರುವ ಜಾಗಕ್ಕೆ ಮಾತ್ರ ಯಜಮಾನ ಇರಲಿಲ್ಲ. ನೀವು ಕಟ್ಟಬೇಕಾದ ವ್ಯವಸ್ಥೆ ಆ ಜಾಗದ್ದು.

ಬಿಐಪಿವಿ ಅಂದರೇನು ಅಂತ ಸಮಿತಿಯಲ್ಲಿ ಎಲ್ಲರಿಗೂ ಒಂದೇ ಅರ್ಥ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಮಾಮೂಲಿ ಸೋಲಾರ್‌ನಲ್ಲಿ ಸಿದ್ಧವಾದ ಛಾವಣಿಯ ಮೇಲೆ ಸ್ಟ್ಯಾಂಡ್ ಇಟ್ಟು ಫಲಕ ಕೂರಿಸುತ್ತಾರೆ. ಬಿಚ್ಚಿ ತೆಗೆದರೂ ಕಟ್ಟಡಕ್ಕೆ ಏನೂ ಆಗುವುದಿಲ್ಲ. ಬಿಐಪಿವಿಯಲ್ಲಿ ಫಲಕ ತೆಗೆದರೆ ಅಲ್ಲೊಂದು ಬಾಯಿ ತೆರೆದ ಜಾಗ ಉಳಿಯುತ್ತದೆ, ಅಲ್ಲಿ ಹೆಂಚೋ ಗಾಜೋ ಬೇರೇನೋ ಕೂರಿಸಲೇಬೇಕು. ಯುರೋಪಿನ ಇಎನ್ 50583 ಮಾನದಂಡ 2016ರಲ್ಲಿ, ಅಂತರರಾಷ್ಟ್ರೀಯ ಐಇಸಿ 63092 ಮಾನದಂಡ 2020ರಲ್ಲಿ ಬಂದವು. ಎರಡೂ ಹೆಚ್ಚು ಕಡಿಮೆ ಇದೇ ಪರೀಕ್ಷೆಯಿಂದ ಬಿಐಪಿವಿಯನ್ನು ಗುರುತಿಸುತ್ತವೆ. ಅಂದರೆ ಇದು ಮೊದಲು ಕಟ್ಟಡದ ಸಾಮಾನು, ಆಮೇಲೆ ಕರೆಂಟಿನ ಸಾಮಾನು. ಈ ಕ್ರಮ ತಿರುವುಮುರುವು ಮಾಡಿದ ದೇಶಗಳೆಲ್ಲ ಪೆಟ್ಟು ತಿಂದಿವೆ.

ನಾವೀನ್ಯತಾ ವ್ಯವಸ್ಥೆ ಅನ್ನುವ ಮಾತು ಕೇಳಿದ ಕೂಡಲೇ ಜನ ಸಂಶೋಧನಾ ಸಂಸ್ಥೆಗಳ ಪಟ್ಟಿ ಬರೆಯಲು ಶುರು ಮಾಡುತ್ತಾರೆ. ಆದರೆ 1987ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೀಮನ್ ಜಪಾನ್ ಹೇಗೆ ಮುಂದೆ ಬಂತು ಅಂತ ವಿವರಿಸುತ್ತಾ ಈ ಪರಿಕಲ್ಪನೆಯನ್ನು ಚಾಲ್ತಿಗೆ ತಂದಾಗ, ಅವರು ನೋಡುತ್ತಿದ್ದದ್ದು ಸಂಸ್ಥೆಗಳ ನಡುವಿನ ನಂಟನ್ನು. ಡೆನ್ಮಾರ್ಕ್‌ನ ಅರ್ಥಶಾಸ್ತ್ರಜ್ಞ ಲುಂಡ್‌ವಾಲ್ ಅದನ್ನು ಇನ್ನೂ ನೇರ ಮಾಡಿದರು: ಮಾಡುವವನು ಬಳಸುವವನಿಂದ ಕಲಿಯುತ್ತಾನೆ, ಆ ಕಲಿಕೆ ಎಷ್ಟು ಸಲೀಸು ಅನ್ನುವುದೇ ವಿಷಯ. ಆಮೇಲೆ ಬಂದ ಸಂಶೋಧಕ ಹೆಕ್ಕರ್ಟ್ ಮತ್ತು ಜೊತೆಗಾರರು 2007ರಲ್ಲಿ ಒಂದು ತಂತ್ರಜ್ಞಾನ ಬೆಳೆಯಬೇಕಾದರೆ ನಡೆಯಬೇಕಾದ ಏಳು ಕೆಲಸಗಳನ್ನು ಹೇಳಿದರು. ಉದ್ಯಮಿಗಳು ಕೈ ಹಾಕುವುದು, ಜ್ಞಾನ ಹುಟ್ಟುವುದು, ಅದು ಹರಡುವುದು, ದಿಕ್ಕು ಸಿಗುವುದು, ಮಾರುಕಟ್ಟೆ ಆಗುವುದು, ಹಣ ಮತ್ತು ಜನ ಸಿಗುವುದು, ಸಮಾಜ ಒಪ್ಪುವುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸೋಲಾರ್ ಕಾರ್ಯಕ್ರಮದಲ್ಲಿ ಬಿಐಪಿವಿಗೆಂದೇ 2015ರಲ್ಲಿ ಶುರುವಾದ ಟಾಸ್ಕ್ 15 ಗುಂಪು ಕೂಡ ಕೆಲವು ದೇಶಗಳನ್ನು ಈ ಕಣ್ಣಿನಿಂದಲೇ ನೋಡಿತು. ಪಟ್ಟಿ ಚೆನ್ನಾಗಿದೆ. ಆದರೆ ಏಳಕ್ಕೂ ಸಮಾನ ಅಂಕ ಕೊಟ್ಟು ಬಣ್ಣದ ಚಾರ್ಟ್ ಮಾಡಿ ಮುಗಿಸುವ ವರದಿಗಳನ್ನು ಕಂಡರೆ ನನಗೆ ನಿದ್ದೆ ಬರುತ್ತದೆ. ಬಿಐಪಿವಿಯಲ್ಲಿ ಜ್ಞಾನ ಹುಟ್ಟಿ ಮೂವತ್ತು ವರ್ಷ ಆಗಿದೆ. ಅದು ಒಂದು ಕಸುಬಿನಿಂದ ಇನ್ನೊಂದು ಕಸುಬಿಗೆ ದಾಟುತ್ತಿಲ್ಲ, ರೋಗ ಅಲ್ಲಿದೆ.

ಮೂವತ್ತು ವರ್ಷ ಅಂದದ್ದು ಬಾಯಿಮಾತಿಗಲ್ಲ. ಜರ್ಮನಿಯ ಆಖೆನ್ ನಗರದ ವಿದ್ಯುತ್ ಸಂಸ್ಥೆಯ ಕಟ್ಟಡಕ್ಕೆ ಸೋಲಾರ್ ಗೋಡೆ ಬಂದದ್ದು 1991ರಲ್ಲಿ. ಸ್ಪೇನಿನ ಮತಾರೋ ಊರಿನ ಗ್ರಂಥಾಲಯ 1990ರ ದಶಕದ್ದೇ. ಜರ್ಮನಿಯ ಹೆರ್ನೆಯಲ್ಲಿ 1999ರಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ಹೊತ್ತ ಗಾಜಿನ ಕಟ್ಟಡವೇ ಎದ್ದಿತು. ಇಷ್ಟು ಹಳೆಯ ತಂತ್ರಜ್ಞಾನ ಇವತ್ತಿಗೂ ಸೋಲಾರ್ ಜಗತ್ತಿನ ಒಂದು ಮೂಲೆಯಲ್ಲೇ ಕೂತಿದೆ. ಪ್ರತಿ ದೇಶವೂ ಒಂದು ಮಾದರಿ ಕಟ್ಟಡ ಕಟ್ಟುತ್ತದೆ, ರಿಬ್ಬನ್ ಕತ್ತರಿಸುತ್ತದೆ, ಫೋಟೋ ತೆಗೆಯುತ್ತದೆ. ಎರಡನೇ ಕಟ್ಟಡ ಕಟ್ಟುವವನು ಮತ್ತೆ ಮೊದಲಿನಿಂದ ಕಲಿಯುತ್ತಾನೆ.

ಮಾಮೂಲಿ ಫಲಕದ ಕಥೆ ಬೇರೆ. ಅಲ್ಲಿ ಒಂದೇ ಅಳತೆ, ಒಂದೇ ಬಣ್ಣ, ವರ್ಷಕ್ಕೆ ಗಿಗಾವ್ಯಾಟ್ ಲೆಕ್ಕದಲ್ಲಿ ಹೊರಹಾಕುವ ಯಂತ್ರಗಳು. 2024ರ ಕೊನೆಗೆ ಫಲಕದ ಸಗಟು ಬೆಲೆ ವ್ಯಾಟ್‌ಗೆ ಸುಮಾರು 10 ಅಮೆರಿಕನ್ ಸೆಂಟ್‌ಗೆ ಇಳಿದಿತ್ತು. ಒಂದು ಚದರ ಮೀಟರಿನಲ್ಲಿ 200 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಕೂರುತ್ತದೆ, ಅಂದರೆ ಚದರ ಮೀಟರಿಗೆ ಇಪ್ಪತ್ತು ಚಿಲ್ಲರೆ ಡಾಲರ್. ಗಮನಿಸಿ, ದೊಡ್ಡ ಕಟ್ಟಡದ ಮುಂಭಾಗಕ್ಕೆ ಹೊದಿಸುವ ಕಲ್ಲು, ಗಾಜು, ಲೋಹದ ಹಾಳೆ ಹೆಚ್ಚಿನವು ಇದಕ್ಕಿಂತ ದುಬಾರಿ. ಹಾಗಾದರೆ ಗೋಡೆಗೆಲ್ಲ ಸೋಲಾರ್ ಹೊದಿಸಬಹುದಲ್ವಾ? ಆಗುವುದಿಲ್ಲ, ಯಾಕೆಂದರೆ ಗೋಡೆ ಕೇಳುವುದು ಆ ಫಲಕವನ್ನಲ್ಲ. ಕಿಟಕಿಯ ಪಕ್ಕಕ್ಕೆ ಸಪೂರದ್ದು ಬೇಕು, ಮೂಲೆಗೆ ಓರೆಯದ್ದು ಬೇಕು, ಆರ್ಕಿಟೆಕ್ಟ್‌ಗೆ ಇಟ್ಟಿಗೆ ಬಣ್ಣದ್ದು ಬೇಕು, ಎತ್ತರದ ಮಹಡಿಗೆ ದಪ್ಪ ಗಾಜಿನದ್ದು ಬೇಕು. ಇಂಥ 40 ಬಗೆಯ ಫಲಕ, ಬಗೆಗೆ ಮೂವತ್ತರಂತೆ ಮಾಡಿಕೊಡಿ ಅಂತ ದೊಡ್ಡ ಕಾರ್ಖಾನೆಗೆ ಹೋದರೆ ಫೋನ್ ಕೂಡ ಎತ್ತುವುದಿಲ್ಲ. ಸಣ್ಣ ಕಾರ್ಖಾನೆ ಮಾಡಿಕೊಡುತ್ತದೆ, ಆದರೆ ಬೆಲೆ ಹಲವು ಪಟ್ಟು ಏರುತ್ತದೆ.

ಹಾಗಾಗಿ ನಿಮ್ಮ ಎರಡನೇ ಗುಂಪಿನ ದೊಡ್ಡ ಕಾರ್ಖಾನೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಈ ಧಂದೆಗೆ ಬೇಕಾದದ್ದು ಬೇಗ ಬೇಗ ಅಳತೆ ಬದಲಿಸಿಕೊಳ್ಳುವ ಪುಟ್ಟ ಲೈನುಗಳು. ಸೆಲ್, ಅಂದರೆ ಫಲಕದೊಳಗೆ ಬಿಸಿಲನ್ನು ಕರೆಂಟ್ ಮಾಡುವ ಬಿಲ್ಲೆ, ಎಲ್ಲಿಂದ ಬೇಕಾದರೂ ತರಿಸಿ, ನಾಚಿಕೆ ಬೇಡ. ಗಾಜು ಕತ್ತರಿಸುವುದು, ಪದರ ಕೂರಿಸುವುದು, ಅಂಚು ಮುಚ್ಚುವುದು, ಚೌಕಟ್ಟು ಮಾಡುವುದು ಸ್ಥಳೀಯವಾಗಿ ಆದರೆ ಸಾಕು. ಇದನ್ನು ಮಾಡುವ ಜನ ಈಗಾಗಲೇ ಇದ್ದಾರೆ. ಅವರು ಸೋಲಾರ್ ಉದ್ಯಮದಲ್ಲಿಲ್ಲ, ಕಟ್ಟಡಗಳಿಗೆ ಗಾಜು ಮತ್ತು ಅಲ್ಯೂಮಿನಿಯಂ ಕೆಲಸ ಮಾಡುವವರಲ್ಲಿದ್ದಾರೆ. ನಿಮ್ಮ ಸಮಿತಿಯಲ್ಲಿ ಅಂಥವರು ಒಬ್ಬರಾದರೂ ಇದ್ದಾರಾ?

ಈಗ ಮೂರನೇ ಗುಂಪಿನ ಆಸೆಗೆ ಬರೋಣ, ಯೂನಿಟ್‌ಗೆ ಜಾಸ್ತಿ ದರ. ಇದನ್ನು ಫ್ರಾನ್ಸ್ ಮನಸಾರೆ ಮಾಡಿ ನೋಡಿದೆ. 2006ರ ಜುಲೈನಲ್ಲಿ ಅಲ್ಲಿನ ಸರ್ಕಾರ ಸೋಲಾರ್ ಕರೆಂಟಿಗೆ ಯೂನಿಟ್‌ಗೆ 30 ಯೂರೋ ಸೆಂಟ್ ಮೂಲ ದರ ಇಟ್ಟು, ಫಲಕ ಕಟ್ಟಡದಲ್ಲಿ ಬೆರೆತಿದ್ದರೆ ಅದರ ಮೇಲೆ 25 ಸೆಂಟ್ ಬೋನಸ್ ಕೊಟ್ಟಿತು. ಉದ್ದೇಶ ಚೆನ್ನಾಗಿತ್ತು: ಕಟ್ಟಡ ಚೆಂದ ಕಾಣಲಿ, ದೇಶದ ಛಾವಣಿ ಉದ್ಯಮಕ್ಕೆ ಹೊಸ ದಾರಿ ಆಗಲಿ. ಆಮೇಲೆ ಆದದ್ದು ಗಾಳಿ ಬಂದಾಗ ತೂರಿಕೊಳ್ಳುವ ಆಟ. ಬೋನಸ್ ಇದ್ದದ್ದು ಬೆರೆತ ಫಲಕಕ್ಕೆ ತಾನೇ, ಚೆನ್ನಾಗಿದ್ದ ಹೆಂಚು ಕಿತ್ತು ಆ ಜಾಗದಲ್ಲಿ ತಟ್ಟೆಯಂಥ ಚೌಕಟ್ಟಿಟ್ಟು ಮಾಮೂಲಿ ಫಲಕವನ್ನೇ ಕೂರಿಸಿದರು. ಹೊಲಗಳಲ್ಲಿ ದೊಡ್ಡ ಕೊಟ್ಟಿಗೆಗಳು ಎದ್ದವು, ಕೆಲವಂತೂ ಫಲಕ ಹೊರುವುದಕ್ಕೆಂದೇ ಕಟ್ಟಿದವು. ಎಲ್ಲಿಂದಲೋ ಬಂದ ಕಂಟ್ರಾಕ್ಟರ್‌ಗಳು ಛಾವಣಿ ಹತ್ತಿದರು, ಸೋರಿಕೆಯ ದೂರುಗಳು ಬಂದವು. ಫಲಕದ ಬೆಲೆ ದಡದಡನೆ ಬೀಳುತ್ತಿದ್ದರೂ ದರ ಅಷ್ಟೇ ವೇಗವಾಗಿ ಇಳಿಯಲಿಲ್ಲ, ಅರ್ಜಿಗಳ ಪ್ರವಾಹವೇ ಬಂತು. 2010ರ ಡಿಸೆಂಬರ್‌ನಲ್ಲಿ ಸರ್ಕಾರ ಸಣ್ಣ ಮನೆಗಳ ಘಟಕ ಬಿಟ್ಟು ಉಳಿದದ್ದನ್ನು ಮೂರು ತಿಂಗಳು ನಿಲ್ಲಿಸಿಬಿಟ್ಟಿತು. ಎಷ್ಟೋ ಕಂಪನಿಗಳು ಆ ಹೊಡೆತದಿಂದ ಮೇಲೇಳಲಿಲ್ಲ. ಬೋನಸ್ ಕರಗುತ್ತಾ ಬಂದು 2018ರ ಹೊತ್ತಿಗೆ ಮುಗಿಯಿತು.

ಆ ಗಲಾಟೆಯ ನಡುವೆ ಫ್ರಾನ್ಸ್‌ನಲ್ಲಿ ಒಂದು ಒಳ್ಳೆಯದೂ ಇತ್ತು. ಅಲ್ಲಿ 1978ರಿಂದ ಒಂದು ಕಾಯಿದೆ ಇದೆ: ಕಟ್ಟಡ ಕಟ್ಟಿದವನು ಹತ್ತು ವರ್ಷ ಅದರ ಗಂಭೀರ ದೋಷಗಳಿಗೆ ಹೊಣೆ, ಅದಕ್ಕೆ ವಿಮೆ ಕಡ್ಡಾಯ. ಸೋಲಾರ್ ಛಾವಣಿಯೂ ಕಟ್ಟಡದ ಭಾಗ ಅಂತ ಆದ ಕೂಡಲೇ ವಿಮಾ ಕಂಪನಿಗಳು, ಈ ಸಾಮಾನನ್ನು ಯಾರು ಪರೀಕ್ಷೆ ಮಾಡಿದ್ದಾರೆ ಅಂತ ಕೇಳತೊಡಗಿದವು. ಸಿಎಸ್‌ಟಿಬಿ ಅನ್ನುವ ಕಟ್ಟಡ ಸಂಶೋಧನಾ ಕೇಂದ್ರದ ತಾಂತ್ರಿಕ ಒಪ್ಪಿಗೆ ಪತ್ರಕ್ಕೆ ಬೆಲೆ ಬಂತು. ಸೋರಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದಕ್ಕೆ ಅಲ್ಲಿ ಉತ್ತರ ಇತ್ತು. ದುಡ್ಡಿನ ವೇಗಕ್ಕೆ ಆ ಉತ್ತರದ ವೇಗ ಸಾಲಲಿಲ್ಲ, ಅಷ್ಟೇ.

ಜರ್ಮನಿಯೂ 2004ರಲ್ಲಿ ಗೋಡೆಯ ಸೋಲಾರ್‌ಗೆ ಯೂನಿಟ್‌ಗೆ 5 ಸೆಂಟ್ ಬೋನಸ್ ಇಟ್ಟು 2009ರಲ್ಲಿ ತೆಗೆದುಹಾಕಿತು. ಛಾವಣಿಯ ಮೇಲೆ ಸುಲಭದ ಲಾಭ ಇರುವಾಗ ಅದಕ್ಕಾಗಿ ಗೋಡೆ ಹತ್ತಿದವರು ಕಡಿಮೆ. ಇಟಲಿಯ ಕಥೆಯೂ ಹೆಚ್ಚು ಬೇರೆಯಲ್ಲ, 2013ರಲ್ಲಿ ಅಲ್ಲಿನ ಜಾಸ್ತಿ ದರದ ಯೋಜನೆ ಮುಗಿದ ಮೇಲೆ ಅಬ್ಬರ ಇಳಿಯಿತು.

ಇನ್ನೊಂದು ಕಡೆ ಸ್ವಿಟ್ಜರ್ಲೆಂಡ್ ನೋಡಿ. ಸದ್ದುಗದ್ದಲ ಇಲ್ಲ. ಫಲಕ ಹಾಕಿಸುವಾಗ ಒಂದೇ ಸಲ ಕೊಡುವ ನೆರವಿನಲ್ಲಿ ಬೆರೆತ ಫಲಕಕ್ಕೆ ಸ್ವಲ್ಪ ಜಾಸ್ತಿ ಸಿಗುತ್ತದೆ. 2014ರಿಂದ, ಛಾವಣಿಗೆ ಹೊಂದಿಕೊಂಡ ಸೋಲಾರ್‌ಗೆ ಸಾಮಾನ್ಯವಾಗಿ ಕಟ್ಟಡ ಪರವಾನಗಿ ಬೇಡ, ತಿಳಿಸಿದರೆ ಸಾಕು. ಹೊಸ ಕಟ್ಟಡ ತನ್ನ ಕರೆಂಟಿನ ಒಂದು ಪಾಲನ್ನು ತಾನೇ ಮಾಡಿಕೊಳ್ಳಬೇಕು ಅನ್ನುವ ಮಾದರಿ ನಿಯಮವನ್ನು ಪ್ರಾಂತ್ಯಗಳು ಒಂದೊಂದಾಗಿ ಅಳವಡಿಸಿಕೊಂಡವು. ಲ್ಯಾಬ್‌ಗಳು ಕೂಡ ಕಟ್ಟಡದವರ ಗೋಳು ಕೇಳಿಸಿಕೊಂಡವು. ನೂಶಾಟೆಲ್‌ನ ಸಿಎಸ್‌ಇಎಂ ಸಂಸ್ಥೆ 2014ರಲ್ಲಿ ಬಿಳಿ ಬಣ್ಣದ ಫಲಕ ತೋರಿಸಿತು. ಬಿಳಿ ಅಂದರೆ ಬೆಳಕನ್ನು ವಾಪಸ್ ಕಳಿಸುವ ಬಣ್ಣ, ಸೋಲಾರ್‌ಗೆ ಶತ್ರು, ಆದರೂ ಆರ್ಕಿಟೆಕ್ಟ್‌ಗಳು ಕೇಳುತ್ತಿದ್ದದ್ದು ಅದನ್ನೇ. ಲೊಸಾನ್‌ನ ಇಪಿಎಫ್‌ಎಲ್ ವಿಶ್ವವಿದ್ಯಾಲಯದಲ್ಲಿ ಬಣ್ಣದ ಪುಡಿ ಬಳಸದೆ, ಗಾಜಿನ ಮೇಲಿನ ತೆಳು ಪದರಗಳಲ್ಲಿ ಬೆಳಕನ್ನು ಆಟವಾಡಿಸಿ ಬಣ್ಣ ತರುವ ವಿದ್ಯೆ ಬೆಳೆಯಿತು. ಅದೇ ಗಾಜು 2017ರಲ್ಲಿ ಕೋಪನ್‌ಹೇಗನ್ ಅಂತರರಾಷ್ಟ್ರೀಯ ಶಾಲೆಯ ಗೋಡೆಗೆ ಹೋಯಿತು, ಸುಮಾರು 12,000 ಫಲಕ, ಸಮುದ್ರದ ಹಸಿರು ಬಣ್ಣ, ಶಾಲೆಗೆ ಬೇಕಾದ ಕರೆಂಟಿನಲ್ಲಿ ಅರ್ಧದಷ್ಟು ಕೊಡುವ ಲೆಕ್ಕದಲ್ಲಿ. ನಿಮ್ಮ ಮೊದಲ ಗುಂಪು ಲ್ಯಾಬ್‌ಗೆ ದುಡ್ಡು ಕೇಳುವಾಗ ಈ ವ್ಯತ್ಯಾಸ ತೋರಿಸಿ. ಸೆಲ್‌ನ ದಕ್ಷತೆ ಇನ್ನು ಅರ್ಧ ಪರ್ಸೆಂಟ್ ಏರಿಸುವುದಕ್ಕೆ ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಣ್ಣ, ಅಂಚು, ಕೀಲು, ಗಾಳಿ ಓಡಾಡುವ ಸಂದು ನೋಡುವವರು ಬೆರಳೆಣಿಕೆಯಷ್ಟು.

ನನಗೆ ಜಾಸ್ತಿ ಇಷ್ಟವಾದ ಪಾಠ ಸೋಲಾರ್‌ನದ್ದಲ್ಲ, ಗಾಳಿಯಂತ್ರದ್ದು. 1970ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್‌ನಲ್ಲಿ ಬಡಗಿಗಳು, ಕಮ್ಮಾರರು, ಕೃಷಿ ಯಂತ್ರ ಮಾಡುವವರು ಸಣ್ಣ ಸಣ್ಣ ಗಾಳಿಯಂತ್ರ ಮಾಡುತ್ತಿದ್ದರು, ಅವು ಮುರಿಯುತ್ತಲೂ ಇದ್ದವು. 1978ರಲ್ಲಿ ರಿಸೋ ಎಂಬಲ್ಲಿ ಸರ್ಕಾರ ಪರೀಕ್ಷಾ ಕೇಂದ್ರ ತೆರೆಯಿತು. ಮರುವರ್ಷ ಯಂತ್ರ ಕೊಳ್ಳುವವರಿಗೆ 30 ಪರ್ಸೆಂಟ್ ಸಬ್ಸಿಡಿ ಬಂತು, ಆದರೆ ಒಂದು ಷರತ್ತು: ಆ ಕೇಂದ್ರ ಒಪ್ಪಿದ ಯಂತ್ರಕ್ಕೆ ಮಾತ್ರ. ಈ ಒಂದು ಸಾಲು ಇಡೀ ಉದ್ಯಮವನ್ನು ರಿಪೇರಿ ಮಾಡಿತು ಅಂದರೆ ಹೆಚ್ಚಾಗಲಿಕ್ಕಿಲ್ಲ. ಮಾಡುವವರೆಲ್ಲ ತಮ್ಮ ಯಂತ್ರ ಹೊತ್ತುಕೊಂಡು ಅಲ್ಲಿಗೆ ಹೋಗಲೇಬೇಕಾಯಿತು, ಎಂಜಿನಿಯರ್‌ಗಳ ಎದುರು ಕೂರಲೇಬೇಕಾಯಿತು. ಯಂತ್ರದ ಮಾಲೀಕರು ಕೂಡ ಸಂಘ ಕಟ್ಟಿಕೊಂಡು, ಯಾರ ಯಂತ್ರ ಎಷ್ಟು ಕರೆಂಟ್ ಕೊಟ್ಟಿತು, ಯಾವುದು ಕೆಟ್ಟು ನಿಂತಿತು ಅಂತ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಅದೇ ಕಾಲಕ್ಕೆ ಜರ್ಮನಿ ಗ್ರೋವಿಯಾನ್ ಅನ್ನುವ 3 ಮೆಗಾವ್ಯಾಟ್‌ನ ದೈತ್ಯ ಯಂತ್ರ ಕಟ್ಟಿತು, 1983ರಲ್ಲಿ ನಿಲ್ಲಿಸಿದ್ದನ್ನು ಆ ದಶಕ ಮುಗಿಯುವ ಮೊದಲೇ ಬಿಚ್ಚಿಟ್ಟರು, ಅದು ಓಡಿದ ದಿನಗಳಿಗಿಂತ ನಿಂತ ದಿನಗಳೇ ಹೆಚ್ಚು. ಮುಂದೆ ಜಗತ್ತಿಗೆಲ್ಲ ಗಾಳಿಯಂತ್ರ ಮಾರಿದ್ದು ಡೆನ್ಮಾರ್ಕ್‌ನ ಆ ಸಣ್ಣ ಕಮ್ಮಾರಸಾಲೆಗಳಿಂದ ಬೆಳೆದ ಕಂಪನಿಗಳು.

ಆದ್ದರಿಂದ ನನ್ನ ಸಲಹೆ: ಮೊದಲ ದುಡ್ಡು ಒಂದು ಪರೀಕ್ಷಾ ಕೇಂದ್ರಕ್ಕೆ. ಕಟ್ಟಡ ಮತ್ತು ವಿದ್ಯುತ್ ಎರಡರ ಪರೀಕ್ಷೆಯೂ ಒಂದೇ ಸೂರಿನಡಿ ಆಗಬೇಕು. ಈಗ ಒಬ್ಬ ಸಣ್ಣ ತಯಾರಕನ ಪಾಡು ನೋಡಿ. ಸೋಲಾರ್ ಫಲಕ ಅಂತ ಐಇಸಿ 61215ರ ಪರೀಕ್ಷೆ ಪಾಸಾಗಬೇಕು: ಬಿಸಿ, ತೇವ, ಗಾಳಿಯ ಒತ್ತಡ, 25 ಮಿಲಿಮೀಟರ್ ಮಂಜುಗಡ್ಡೆಯ ಗುಂಡು. ಸುರಕ್ಷತೆಗೆ ಐಇಸಿ 61730. ಆಮೇಲೆ ಕಟ್ಟಡದ ಗಾಜು ಅಂತ ಬೇರೆ ಪರೀಕ್ಷೆ. ಯುರೋಪಿನಲ್ಲಾದರೆ 50 ಕೆಜಿ ತೂಕದ ಜೋಡಿ ಟೈರನ್ನು ಲೋಲಕದ ಹಾಗೆ ತೂಗಿ ಗಾಜಿಗೆ ಗುದ್ದಿಸುತ್ತಾರೆ, ಮನುಷ್ಯ ಬಂದು ಬಿದ್ದರೆ ಏನಾಗುತ್ತದೆ ಅಂತ ನೋಡಲು. ಒಡೆದ ಮೇಲೆ ತಲೆ ಮೇಲೆ ಬೀಳುತ್ತದಾ, ಚೌಕಟ್ಟಿನಲ್ಲೇ ಉಳಿಯುತ್ತದಾ? ನೀರು ಒಳಗೆ ಬರುತ್ತದಾ? ಬೆಂಕಿ ಹತ್ತಿದರೆ? ಇಷ್ಟಾದ ಮೇಲೆ ಗ್ರಾಹಕ ಗಾಜು ಇನ್ನೂ ಎರಡು ಮಿಲಿಮೀಟರ್ ಹೆಚ್ಚು ದಪ್ಪ ಇರಲಿ ಅಂದರೆ ಕೆಲವು ಪರೀಕ್ಷೆ ಮತ್ತೆ ಮೊದಲಿನಿಂದ. ನೂರು ಫಲಕದ ಆರ್ಡರಿಗೆ ಇದರ ಖರ್ಚು ಹೊರುವವರು ಯಾರು? ದೇಶದ ಕೇಂದ್ರವೊಂದು ಅಳತೆ, ದಪ್ಪ, ಬಣ್ಣಗಳ ಗುಂಪು ಮಾಡಿ, ಈ ಮಿತಿಯೊಳಗೆ ಇದ್ದರೆ ಒಮ್ಮೆ ಮಾಡಿದ ಪರೀಕ್ಷೆ ಎಲ್ಲಕ್ಕೂ ಸಾಕು ಅಂತ ನಿಯಮ ಬರೆದುಕೊಟ್ಟರೆ, ಸಬ್ಸಿಡಿಗಿಂತ ದೊಡ್ಡ ಉಪಕಾರ ಅದು.

ಬೆಂಕಿಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಅಲ್ಲಿ ಸೋಲಾರ್ ಇರಲಿಲ್ಲ, ಹೊರಗೋಡೆಯ ಹೊದಿಕೆಯೊಳಗೆ ಪ್ಲಾಸ್ಟಿಕ್ ತಿರುಳಿತ್ತು, ಬೆಂಕಿ ಅದನ್ನು ಹಿಡಿದುಕೊಂಡು ಮೇಲೇರಿತು. ಆದರೆ ಸೋಲಾರ್ ಗೋಡೆಗೂ ಇದೇ ಪ್ರಶ್ನೆಗಳಿವೆ. ಫಲಕದೊಳಗೆ ಪ್ಲಾಸ್ಟಿಕ್ ಪದರ ಇದೆ. ತಣ್ಣಗಿರಲಿ ಅಂತ ಹಿಂದೆ ಬಿಟ್ಟ ಸಂದು ಬೆಂಕಿಗೆ ಚಿಮಣಿ ಆಗಬಹುದು. ಬಿಸಿಲು ಇರುವವರೆಗೆ ಫಲಕದ ಕರೆಂಟ್ ನಿಲ್ಲುವುದಿಲ್ಲ, ಅಗ್ನಿಶಾಮಕದವರು ನೀರು ಹೊಡೆಯುವ ಮೊದಲು ಅದನ್ನು ಯೋಚಿಸಬೇಕು. ಸಡಿಲವಾಗಿ ಸಿಕ್ಕಿಸಿದ ಅಥವಾ ಬೇರೆ ಬೇರೆ ಕಂಪನಿಯ ಕನೆಕ್ಟರ್‌ಗಳನ್ನು ಜೋಡಿಸಿದ ಜಾಗದಲ್ಲಿ ಕಿಡಿ ಹುಟ್ಟುವುದು ಸೋಲಾರ್ ಬೆಂಕಿಗಳ ಹಳೇ ಕಾರಣ. ಅಗ್ನಿಶಾಮಕ ದಳದವರನ್ನು ಕೊನೆಗೆ ಒಪ್ಪಿಗೆಗಾಗಿ ಕರೆಯಬೇಡಿ, ಮೊದಲ ದಿನವೇ ಮೇಜಿನ ಸುತ್ತ ಕೂರಿಸಿ.

ಎರಡನೇ ದುಡ್ಡು ಕೊಳ್ಳುವ ಕೈಗೆ. ಸರ್ಕಾರ ಹೇಗೂ ಶಾಲೆ, ಆಸ್ಪತ್ರೆ, ಕಚೇರಿ, ನಿಲ್ದಾಣ ಕಟ್ಟುತ್ತಲೇ ಇರುತ್ತದೆ. ಒಂದು ಭವ್ಯ ಮಾದರಿ ಕಟ್ಟಡ ಬೇಡ, ದಯವಿಟ್ಟು. ಒಂದೇ ನಮೂನೆಯ ಐವತ್ತು ಸಾಧಾರಣ ಕಟ್ಟಡ ಆರಿಸಿ. ಫಲಕದ ನಾಲ್ಕೈದು ಅಳತೆ ಮಾತ್ರ ನಿಗದಿ ಮಾಡಿ, ಆರ್ಕಿಟೆಕ್ಟ್‌ಗಳು ಆ ಅಳತೆಯೊಳಗೇ ಆಡಲಿ. ಐದು ವರ್ಷದ ಆರ್ಡರ್ ಮುಂಚಿತವಾಗಿ ಹೇಳಿಬಿಡಿ. ಹೀಗಾದರೆ ಸಣ್ಣ ತಯಾರಕ ಬ್ಯಾಂಕಿಗೆ ಹೋಗಿ ಸಾಲ ಕೇಳಬಹುದು. ಟೆಂಡರಿನಲ್ಲಿ ಫಲಕ, ಚೌಕಟ್ಟು, ಕೂರಿಸುವುದು, ವೈರಿಂಗ್ ಎಲ್ಲಕ್ಕೂ ಒಬ್ಬನೇ ಹೊಣೆಗಾರ ಇರಲಿ, ಹತ್ತು ವರ್ಷದ ಒಂದೇ ವಾರಂಟಿ ಇರಲಿ. ಫೋನ್ ನಂಬರ್ ಒಂದೇ. ಆ ಒಬ್ಬ ಒಳಗೆ ಯಾರ ಜೊತೆ ಜಗಳ ಮಾಡಿಕೊಂಡರೂ ಅದು ಮಾಲೀಕನ ತಲೆನೋವಲ್ಲ. ಮತ್ತೆ ಟೆಂಡರ್ ಬೆಲೆ ಹೋಲಿಸುವಾಗ ಒಂದು ಎಚ್ಚರ ಇರಲಿ. ಸೋಲಾರ್ ಗೋಡೆಯ ಬೆಲೆಯನ್ನು ಸ್ಟ್ಯಾಂಡ್ ಮೇಲಿನ ಫಲಕಕ್ಕೆ ಹೋಲಿಸಿದರೆ ಅದು ಯಾವತ್ತೂ ಸೋಲುತ್ತದೆ. ಅದನ್ನು ಹೋಲಿಸಬೇಕಾದದ್ದು ಆ ಜಾಗದಲ್ಲಿ ಬರಬೇಕಿದ್ದ ಕಲ್ಲು ಅಥವಾ ಗಾಜಿನ ಜೊತೆ. ಕಲ್ಲಿನ ಖರ್ಚು ಕಳೆದು ಉಳಿದ ಹೆಚ್ಚುವರಿಯನ್ನು ಮಾತ್ರ ಕರೆಂಟ್ ತೀರಿಸಬೇಕು.

ಕಡ್ಡಾಯ ನಿಯಮ ತಂದರೆ ಆಯಿತಲ್ವಾ ಅಂತ ಯಾರಾದರೂ ಕೇಳುತ್ತಾರೆ. ಕ್ಯಾಲಿಫೋರ್ನಿಯಾ 2020ರಿಂದ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯ ಮಾಡಿದೆ. ಚೀನಾದಲ್ಲಿ 2022ರ ಏಪ್ರಿಲ್‌ನಿಂದ ಹೊಸ ಕಟ್ಟಡಗಳಿಗೆ ಸೌರ ವ್ಯವಸ್ಥೆ ಬೇಕು. ಟೋಕಿಯೊ 2025ರ ಏಪ್ರಿಲ್‌ನಿಂದ ದೊಡ್ಡ ಮನೆ ನಿರ್ಮಾಣ ಕಂಪನಿಗಳಿಗೆ ಇದನ್ನು ಹೊರಿಸಿದೆ. ಯುರೋಪಿನ 2024ರ ಕಟ್ಟಡ ನಿರ್ದೇಶನ, 250 ಚದರ ಮೀಟರಿಗಿಂತ ದೊಡ್ಡ ಹೊಸ ಸಾರ್ವಜನಿಕ ಮತ್ತು ವಾಸಕ್ಕಲ್ಲದ ಕಟ್ಟಡಗಳಿಗೆ 2026ರ ಅಂತ್ಯದಿಂದ, ಹೊಸ ಮನೆಗಳಿಗೆ 2029ರ ಅಂತ್ಯದಿಂದ ಸೋಲಾರ್ ಕೇಳುತ್ತದೆ. ಒಳ್ಳೆಯದೇ. ಆದರೆ ಇವೆಲ್ಲ ಕೇಳುವುದು ಸೌರ ವ್ಯವಸ್ಥೆಯನ್ನು, ಬೆರೆತ ಫಲಕವನ್ನಲ್ಲ. ಎಲ್ಲರೂ ಅಗ್ಗದ ಸ್ಟ್ಯಾಂಡ್ ಮೇಲಿನ ಫಲಕಕ್ಕೇ ಹೋಗುತ್ತಾರೆ. ಛಾವಣಿ ಸಾಲದ ಎತ್ತರದ ಕಟ್ಟಡಕ್ಕೆ ಮಾತ್ರ ಗೋಡೆ ನೆನಪಾಗುತ್ತದೆ.

ಗೋಡೆಯಿಂದ ಎಷ್ಟು ಸಿಗುತ್ತದೆ ಅನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡಿ, ಇಲ್ಲದಿದ್ದರೆ ಮುಂದೆ ನಿಮ್ಮನ್ನೇ ಬೈಯುತ್ತಾರೆ. ನೆಟ್ಟಗೆ ನಿಂತ ಫಲಕಕ್ಕೆ ಸರಿಯಾಗಿ ಓರೆಯಾಗಿಟ್ಟ ಫಲಕಕ್ಕಿಂತ ಕಡಿಮೆ ಬಿಸಿಲು ಬೀಳುತ್ತದೆ. ಚಳಿ ದೇಶಗಳಲ್ಲಿ ಸೂರ್ಯ ಕೆಳಗೇ ಇರುವುದರಿಂದ ನಷ್ಟ ಕಡಿಮೆ, ಸಮಭಾಜಕಕ್ಕೆ ಹತ್ತಿರ ಬಂದಷ್ಟೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ನಷ್ಟ ಜಾಸ್ತಿ. ಪೂರ್ವ ಮತ್ತು ಪಶ್ಚಿಮದ ಗೋಡೆಗಳು ಬೆಳಗ್ಗೆ ಮತ್ತು ಸಂಜೆ ಕೊಡುತ್ತವೆ, ಮಧ್ಯಾಹ್ನ ಎಲ್ಲರ ಛಾವಣಿಯೂ ಒಟ್ಟಿಗೆ ಉಕ್ಕಿಸುವ ಹೊತ್ತಲ್ಲ ಅದು, ಹಾಗಾಗಿ ಆ ಯೂನಿಟ್‌ಗೆ ಬೆಲೆ ಹೆಚ್ಚು. ಹಿಂದೆ ಗಾಳಿ ಆಡದಿದ್ದರೆ ಫಲಕ ಕಾಯುತ್ತದೆ, ಸಿಲಿಕಾನ್ ಸೆಲ್ ಪ್ರತಿ ಡಿಗ್ರಿಗೆ ಸುಮಾರು 0.3ರಿಂದ 0.4 ಪರ್ಸೆಂಟ್ ಕಳೆದುಕೊಳ್ಳುತ್ತದೆ. 20 ಡಿಗ್ರಿ ಜಾಸ್ತಿ ಕಾದರೆ 6ರಿಂದ 8 ಪರ್ಸೆಂಟ್ ಹೋಯಿತು. ಬಣ್ಣಕ್ಕೂ ಒಂದಿಷ್ಟು ಹೋಗುತ್ತದೆ, ತಿಳಿ ಬಣ್ಣವಾದರೆ ಇನ್ನೂ ಜಾಸ್ತಿ.

ಖಾಸಗಿ ಕಂಪನಿಗಳು ತಾವಾಗೇ ದಾರಿ ಮಾಡುತ್ತವೆ ಅಂತ ಬಿಟ್ಟರೆ? ಅಮೆರಿಕದ ರಾಸಾಯನಿಕ ಕಂಪನಿ ಡೌ ಕೆಮಿಕಲ್ 2009ರಲ್ಲಿ ಸೋಲಾರ್ ಹೆಂಚು ಘೋಷಿಸಿ, 2011ರಲ್ಲಿ ಮಾರಾಟಕ್ಕೆ ತಂದು, 2016ರಲ್ಲಿ ಬಾಗಿಲು ಹಾಕಿತು. ಅದೇ 2016ರಲ್ಲಿ ಟೆಸ್ಲಾ ಸೋಲಾರ್ ರೂಫ್ ಘೋಷಿಸಿತು. 2019ರಲ್ಲಿ ಅದರ ಮುಖ್ಯಸ್ಥ ಎಲಾನ್ ಮಸ್ಕ್ ವಾರಕ್ಕೆ ಸಾವಿರ ಛಾವಣಿಯ ಮಾತಾಡಿದರು. 2021ರಲ್ಲಿ, ಕೆಲವು ಛಾವಣಿಗಳ ಕಷ್ಟವನ್ನು ಅಂದಾಜು ಮಾಡುವುದರಲ್ಲಿ ದೊಡ್ಡ ತಪ್ಪುಗಳಾದವು ಅಂತ ಅವರೇ ಒಪ್ಪಿಕೊಂಡರು. ದುಡ್ಡಿಗೆ, ಎಂಜಿನಿಯರ್‌ಗಳಿಗೆ ಕೊರತೆ ಇಲ್ಲದ ಕಂಪನಿಯನ್ನೂ ಕೆಡವಿದ್ದು ಸೆಲ್ ಅಲ್ಲ, ಛಾವಣಿ. ಪ್ರತಿ ಛಾವಣಿಯೂ ಬೇರೆ, ಅದರ ಮೂಲೆ ಬೇರೆ, ಚಿಮಣಿ ಬೇರೆ. ಇದಕ್ಕೆ ಎದುರಾಗಿ ಜಪಾನಿನಲ್ಲಿ 1994ರಲ್ಲಿ ಮನೆ ಛಾವಣಿಯ ಸಬ್ಸಿಡಿ ಶುರುವಾದಾಗ ಕೆಲಸ ಹಿಡಿದವರಲ್ಲಿ ಮನೆಯನ್ನೇ ಕಾರ್ಖಾನೆಯಲ್ಲಿ ಮಾಡುವ ಕಂಪನಿಗಳೂ ಇದ್ದವು. ಮನೆ ಅವರದೇ, ಛಾವಣಿ ಅವರದೇ, ಫಲಕ ಕೂರಿಸುವುದು ಅವರದೇ. ಸೋರಿದರೆ ಯಾರು ಅನ್ನುವ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ.

ಮೂರನೆಯದು ಜನ. ಛಾವಣಿ ಹತ್ತುವವನಿಗೆ ಕರೆಂಟ್ ಗೊತ್ತಿರಬೇಕು, ವೈರ್ ಎಳೆಯುವವನಿಗೆ ನೀರು ಹೇಗೆ ಹರಿಯುತ್ತದೆ ಅಂತ ಗೊತ್ತಿರಬೇಕು. ಹೊಸ ಪದವಿ ಕೋರ್ಸ್ ಬೇಡ, ಎರಡೂ ಕಸುಬಿನವರಿಗೆ ಒಟ್ಟಿಗೆ ಕೆಲವು ವಾರದ ತರಬೇತಿ ಮತ್ತು ಒಂದು ಲೈಸೆನ್ಸ್ ಸಾಕು. ಆರ್ಕಿಟೆಕ್ಟ್‌ಗಳಿಗೆ ಉಪದೇಶ ಬೇಡ, ಅವರ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಎಳೆದು ಕೂರಿಸಬಹುದಾದ ಫಲಕದ ಮಾದರಿಗಳನ್ನು ಅಳತೆ, ತೂಕ, ಬೆಲೆ ಸಮೇತ ಕೊಡಿ. ಕಟ್ಟಡದ ಮೊದಲ ಸ್ಕೆಚ್‌ನಲ್ಲಿ ಸೋಲಾರ್ ಇಲ್ಲದಿದ್ದರೆ ಆಮೇಲೆ ಅದು ಬರುವುದಿಲ್ಲ. ಬಂದರೂ ಬಜೆಟ್ ಕಡಿತದ ಸಭೆಯಲ್ಲಿ ಮೊದಲು ಹಾರುವುದು ಅದೇ ಸಾಲು.

ಮತ್ತೆ, ನೆರವು ಪಡೆದ ಪ್ರತಿ ಕಟ್ಟಡವೂ ತನ್ನ ಕರೆಂಟಿನ ಲೆಕ್ಕ ಮತ್ತು ತನ್ನ ದೋಷಗಳ ಲೆಕ್ಕವನ್ನು ಎಲ್ಲರೂ ನೋಡುವಂತೆ ಹಾಕಬೇಕು ಅಂತ ಷರತ್ತಿಡಿ. ಡೆನ್ಮಾರ್ಕ್‌ನ ಆ ಮಾಲೀಕರ ಪತ್ರಿಕೆ ಮಾಡಿದ ಕೆಲಸ ಇದೇ. ಇದಕ್ಕೆ ಎಲ್ಲರೂ ವಿರೋಧ ಮಾಡುತ್ತಾರೆ, ತಯಾರಕರು, ಕಂಟ್ರಾಕ್ಟರ್‌ಗಳು, ರಿಬ್ಬನ್ ಕತ್ತರಿಸಿದವರು. ಬಿಟ್ಟುಕೊಡಬೇಡಿ.

ಇನ್ನು ಪೆರೋವ್‌ಸ್ಕೈಟ್. 2009ರಲ್ಲಿ ಜಪಾನಿನ ಮಿಯಾಸಾಕ ತಂಡ ಇದರಿಂದ ಸೋಲಾರ್ ಸೆಲ್ ಮಾಡಿದಾಗ ದಕ್ಷತೆ 3.8 ಪರ್ಸೆಂಟ್ ಇತ್ತು, ಈಗ ಲ್ಯಾಬ್‌ನಲ್ಲಿ ಅದು 26 ದಾಟಿದೆ. ಹಗುರ, ಬಾಗುತ್ತದೆ, ಕಿಟಕಿಗೂ ಬಳಿಯಬಹುದು. ಜಪಾನ್ ಸರ್ಕಾರ 2040ಕ್ಕೆ 20 ಗಿಗಾವ್ಯಾಟ್ ಗುರಿ ಇಟ್ಟುಕೊಂಡಿದೆ. ಆದರೆ ತೇವ ಕಂಡರೆ ಅದು ಸೊರಗುತ್ತದೆ, ಕಟ್ಟಡ ನಿಲ್ಲುವುದು ಐವತ್ತು ವರ್ಷ. ಕಾಯಬೇಡಿ. ಈಗಿನ ಸಿಲಿಕಾನ್ ಫಲಕಕ್ಕೇ ಚೌಕಟ್ಟು, ಕೀಲು, ನೀರಿನ ದಾರಿ, ವೈರಿನ ದಾರಿ, ಹೊಣೆಯ ದಾರಿ ಎಲ್ಲ ಮಾಡಿ. ಚೌಕಟ್ಟು ಮಾತ್ರ ಪಕ್ಕದ ಫಲಕ ಮುಟ್ಟದೆ ಒಂದನ್ನು ಬಿಚ್ಚಿ ಬೇರೆ ಹಾಕುವಂತೆ ಇರಲಿ, ನಾಲ್ಕೈದು ಅಳತೆಯ ನಿಯಮ ಮುಂದೂ ಉಳಿಯಲಿ. ಇಪ್ಪತ್ತೈದು ವರ್ಷ ಕಳೆದು ಹಳೇ ಫಲಕ ಸುಸ್ತಾದಾಗ, ಆಗ ಯಾವ ಸೆಲ್ ಗೆದ್ದಿರುತ್ತದೋ ಅದನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳುತ್ತಾರೆ.

ಟಿಪ್ಪಣಿ ಬರೆಯುವ ಮುಂಚೆ ಒಂದು ಸಭೆ ಕರೆಯಿರಿ. ಗಾಜು ಕೆಲಸದವರು ಇಬ್ಬರು, ಛಾವಣಿಯವರು ಒಬ್ಬರು, ಎಲೆಕ್ಟ್ರಿಷಿಯನ್, ಅಗ್ನಿಶಾಮಕ ಅಧಿಕಾರಿ, ವಿಮೆಯವರು, ಆರ್ಕಿಟೆಕ್ಟ್, ಆಮೇಲೆ ಜಾಗ ಉಳಿದರೆ ನನ್ನಂಥ ಸೋಲಾರ್‌ನವರು. ಆ ಸೋರುವ ಛಾವಣಿಯ ಪ್ರಶ್ನೆಯನ್ನು ವಿಮೆಯವರಿಗೇ ಮೊದಲು ಕೇಳಿ, ಯಾವ ಕಾಗದ ತೋರಿಸಿದರೆ ಅವರು ಪಾಲಿಸಿ ಕೊಡುತ್ತಾರೆ ಅಂತ ಬರೆದುಕೊಳ್ಳಿ. ಪರೀಕ್ಷಾ ಕೇಂದ್ರ ಕೊಡಬೇಕಾದ ಸರ್ಟಿಫಿಕೇಟ್‌ನ ಮೊದಲ ಕರಡು ಅದೇ.